ನೂರೈವತ್ತರ ಡಬ್ಬಿ

ಮಿಲ್ಟನ್, ಕೆನಡಾ
೧೧ ನವೆಂಬರ್ ೨೦೧೭, ಶನಿವಾರ

ಪ್ರೀತಿಯ ದಾನವ್ವಕ್ಕನಿಗೆ ನಿನ್ನ ತಂಗಿಯ ಶರಣು.

ಫೋನಿನಲ್ಲಿ ಹೇಳಿದರೆ ನೀವೆಲ್ಲ ಸ್ಪೀಕರ್ ಹಾಕಿ ಕೇಳುತ್ತೀರಿ, ಅದಕ್ಕೇ ಈ ಕಾಗದ. ಓದಿ ಹರಿದುಹಾಕು. ನಮ್ಮತ್ತೆಯ ಕಿವಿಗೆ ಬೀಳಬಾರದು.

ನಮ್ಮ ಮನೆಯವರು ಬಂದೂಕು ಕೊಂಡಿದ್ದಾರೆ. ಬೇಸಿಗೆಯಿಂದ ಪ್ರತಿ ಶನಿವಾರ ಮೆಡೋವೇಲ್ ಆಫೀಸಿನಲ್ಲಿ ಕೆಲಸವಿದೆ ಎಂದು ಹೋಗುತ್ತಿದ್ದರು. ಒಂದು ದಿನ ಪ್ಯಾಂಟಿನ ಜೇಬಲ್ಲಿ ಚೀಟಿ ಸಿಕ್ಕಿತು: ಜಿಂಕೆಗೆ ೧೫೦, ಮೂಸ್‌ಗೆ ೧೮೦. ಕೇಳಿದ್ದಕ್ಕೆ, ಒಶಾವಾದ ಮುರಿಗೆಪ್ಪಣ್ಣನ ಜೊತೆ ಗುರಿ ಕಲಿಯುತ್ತಿದ್ದೇನೆ, ಹೊಡೆಯುವುದು ಬರೀ ಕಾಗದಕ್ಕೆ ಎಂದರು. ಕಾಗದಕ್ಕೆ ಹೊಡೆಯುವವರಿಗೆ ಜಿಂಕೆಯ ಲೆಕ್ಕ ಯಾಕೆ, ನೀನೇ ಹೇಳು.

ನಾನೇನು ಕಡಿಮೆಯೇ? ರೊಟ್ಟಿ ಬಡಿಯುತ್ತಾ ಏನೂ ಅರಿಯದವಳಂತೆ ವಿಚಾರಿಸಿದೆ. ಉಬ್ಬಿಹೋಗಿ ಪಾಠವನ್ನೇ ಮಾಡಿದರು. ಆ ಸಂಖ್ಯೆ ಗುಂಡಿನ ತೂಕವಂತೆ. ಹಗುರದ್ದು ಜಿಂಕೆಗೆ ಸಾಕು, ಭಾರದ್ದು ಮೂಸ್‌ಗೆ, ಅದು ಇಲ್ಲಿಯ ಕಾಡಿನ ಕುದುರೆಯಷ್ಟೆತ್ತರದ ಕಡವೆಯಂತೆ. ಎರಡನ್ನೂ ಹೊಡೆದು ನೋಡಿ, ನೂರೈವತ್ತನ್ನೇ ಆರಿಸಿ, ಬಂದೂಕಿನ ಗುರಿಯನ್ನು ಅದಕ್ಕೇ ಹೊಂದಿಸಿದ್ದಾರಂತೆ. ಅದರಲ್ಲಿ ನೂರಾ ಎಂಬತ್ತು ಹಾಕಿದರೆ ಏಟು ಕೆಳಗೆ ಬೀಳುತ್ತದಂತೆ. ಎರಡು ತೂಕಕ್ಕೂ ಬೇರೆ ಬೇರೆ ಡಬ್ಬಿ, ಒಳಗಿನ ತೋಟಾಗಳು ಮಾತ್ರ ನೋಡಲು ಒಂದೇ ಥರ.

ಇವತ್ತು ಬೆಳಗ್ಗೆ ನನ್ನ ಅನುಮಾನ ಖಾತ್ರಿಯಾಯಿತು. ಸ್ನಾನಕ್ಕೂ ಕೊರಳಿನ ಲಿಂಗ ತೆಗೆಯದ ಮನುಷ್ಯ ಅದನ್ನು ದೇವರ ಜಗಲಿಯ ಮೇಲಿಟ್ಟು ಹೋಗಿದ್ದಾರೆ. ಕಾಗದಕ್ಕೆ ಹೊಡೆಯುವುದಾದರೆ ಲಿಂಗಕ್ಕೆ ಹೆದರುವುದೇಕೆ? ನಾಳೆ ಮಾಂಸ ತಂದು ನನ್ನ ಒಲೆಯ ಮೇಲೂ ಇಟ್ಟಾರು. ಹದಿನಾಲ್ಕು ವರ್ಷ ಜೊತೆಗೆ ಬಾಳಿ ನನಗೇ ಸುಳ್ಳು ಹೇಳಿದರಲ್ಲ ಎಂದು ಹೊಟ್ಟೆ ಉರಿಯುತ್ತದೆ ಅಕ್ಕ.

ಆದರೂ ಇವತ್ತು ಯಾವ ಜಿಂಕೆಯೂ ಸಾಯುವುದಿಲ್ಲ. ಹೇಗೆ ಗೊತ್ತು ಎಂದು ಕೇಳಬೇಡ.

ನಿನ್ನ
ಸೌಮ್ಯಾ

ತಾ.ಕ.: ಭಾನುವಾರ. ಕಾಗದ ಇನ್ನೂ ಅಂಟಿಸಿರಲಿಲ್ಲ. ಅವರು ನಿನ್ನೆ ಬರಿಗೈಲಿ ಬಂದರು. ಎದೆಗೆ ಗುರಿಯಿಟ್ಟ ಏಟು ಮುಂಗಾಲಿಗೆ ತಾಗಿ ಜಿಂಕೆ ಕುಂಟುತ್ತಾ ಓಡಿತಂತೆ. ಹೊತ್ತು ಮುಳುಗುವವರೆಗೂ ರಕ್ತದ ಜಾಡು ಹಿಡಿದು ಹುಡುಕಿದರೂ ಸಿಗಲಿಲ್ಲವಂತೆ. ಎಲ್ಲ ಒಪ್ಪಿಕೊಂಡು ಅತ್ತರು. ನರಳದೆ ಒಂದೇ ಏಟಿಗೆ ಹೋಗಲಿ ಎಂದೇ ಅಷ್ಟು ತಿಂಗಳು ಗುಂಡಿನ ತೂಕ ನೋಡಿದ್ದು, ಎಲ್ಲಿ ತಪ್ಪಿದೆನೋ ತಿಳಿಯುತ್ತಿಲ್ಲ ಎಂದರು. ಲಿಂಗ ಮುಟ್ಟಲು ಅವರಿಗೆ ಕೈ ಬರುತ್ತಿಲ್ಲ.

ಅಕ್ಕ, ಶುಕ್ರವಾರ ಅವರು ಸ್ನಾನಕ್ಕೆ ಹೋದಾಗ ತೋಟಾ ಇಡುವ ಪೆಟ್ಟಿಗೆಯ ಬೀಗ ತೆಗೆದು ಎರಡು ಡಬ್ಬಿಯ ತೋಟಾಗಳನ್ನು ಅದಲುಬದಲು ಮಾಡಿದವಳು ನಾನು. ಗುರಿ ಪೂರ್ತಿ ತಪ್ಪುತ್ತದೆ ಎಂದುಕೊಂಡಿದ್ದೆ. ನನ್ನ ಲಿಂಗವನ್ನೂ ಬಿಚ್ಚಿ ಅವರದರ ಪಕ್ಕ ಇಟ್ಟಿದ್ದೇನೆ. ಯಾಕೆ ಎಂದು ಕೇಳಿದರು. ಶಿವದಾರ ಹಳೆಯದಾಗಿದೆ ಎಂದೆ.