ಸಾರಿನ ತಪ್ಪಲೆಯ ವಿಚಾರ

೨೨೩೧, ಫೆಬ್ರವರಿ ಮೂವತ್ತು, ಸೋಮವಾರ.

ರಾಣೆಬೆನ್ನೂರಿನ ಖಾನಾವಳಿಯ ಒಡತಿ, ಮಹಾಮಾತೆ ತಿಪ್ಪವ್ವಜ್ಜಿಯವರ ಪಾದಗಳಿಗೆ ಏಳನೇ ತಲೆಮಾರಿನ ಕೆಂಚನ ಸಾಷ್ಟಾಂಗ ನಮಸ್ಕಾರ. ನಮ್ಮ ಪಂಚಾಂಗವೂ ಮಾತೂ ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಬೇಕು. ಈ ಕಾಗದ ಓದಿ ಮುಗಿಸುವ ತನಕ ಸಾರು ಮಾತ್ರ ಉಣ್ಣಬೇಡಿ.

ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಮೂಳೆಪಟ್ಟಿ. ಮೊಣಕಾಲನ್ನು ದೀಪದಡಿ ಇಟ್ಟರೆ ಒಳಗೆ ಎಷ್ಟು ಸೀಸ ಕೂತಿದೆಯೆಂದು ಬರೆದುಕೊಡುತ್ತಾರೆ. ಸೀಸ ದೊಡ್ಡ ವೇಷಗಾರ ಅಜ್ಜಿ. ಸುಣ್ಣದ ವೇಷ ಹಾಕಿ ರಕ್ತದಲ್ಲಿ ಸಾಗುತ್ತದೆ, ಮೂಳೆಗೆ ನುಗ್ಗಿ ಇಪ್ಪತ್ತು ಮೂವತ್ತು ವರ್ಷ ಗಪ್‌ಚಿಪ್ಪಾಗಿ ಮಲಗುತ್ತದೆ. ಬಸುರಿಗೆ ಸುಣ್ಣದಂಶ ಸಾಲದೆ ಮೈಯೇ ತನ್ನ ಮೂಳೆ ಕರಗಿಸಿ ಮಗುವಿಗೆ ಕೊಡತೊಡಗಿದಾಗ, ಸೀಸವೂ ಎದ್ದು ಜೊತೆಗೆ ಹೊರಡುತ್ತದೆ.

ಎರಡು ವರ್ಷದ ಹಿಂದೆ ಅಕ್ಕ ಸುರಗಿಯ ಪಟ್ಟಿ, ನನ್ನ ಪಟ್ಟಿ ಎರಡನ್ನೂ ತರಲು ಅವ್ವ ನನ್ನನ್ನೇ ಕಳಿಸಿದಳು. ಅಕ್ಕನದರಲ್ಲಿ ಸೀಸ ತುಂಬಿತ್ತು, ನನ್ನದು ಶುದ್ಧ. ದಾರಿಯಲ್ಲೇ ಹೆಸರು ಅದಲುಬದಲು ಮಾಡಿದೆ. ನಾಲ್ಕು ದಿನ ಅವ್ವನನ್ನು ಹೆದರಿಸಿ ಆಮೇಲೆ ನಗೋಣ ಅಂತ. ಆದರೆ ಸುಣ್ಣದಂಶ ಸಿಕ್ಕರೆ ಸೀಸ ಏಳುವುದಿಲ್ಲವೆಂದು ಅವ್ವ ನನಗೆ ದಿನಾ ಗಟ್ಟಿ ಹಾಲು, ರಾಗಿ, ನುಗ್ಗೆಸೊಪ್ಪು ಶುರುಮಾಡಿದಳು. ಹೇಳಲು ಬಾಯಿ ಬರಲಿಲ್ಲ.

ನಿಮ್ಮ ಹಿತ್ತಾಳೆ ತಪ್ಪಲೆ ಇನ್ನೂ ಇದೆ, ನೀವು ಹಾಕಿಸಿದ ಕಲಾಯಿಯೂ ಹಾಗೇ ಇದೆ. ಅದರಲ್ಲಿ ಹುಣಸೆಸಾರು ಕುದಿಸಿ ಹಿರಿಮಗಳೊಬ್ಬಳೇ ಉಣ್ಣುವುದು ಮನೆತನದ ಪದ್ಧತಿ. ಸೀಸ ಇದ್ದದ್ದು ನನ್ನ ಹೆಸರಿನ ಪಟ್ಟಿಯಲ್ಲಿ, ನಾನೋ ಆ ಸಾರು ಮುಟ್ಟಿದವನಲ್ಲ, ಹಾಗಾಗಿ ತಪ್ಪಲೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ನಿನ್ನೆ ಅದರ ಒಳಮೈಯ ಕಲಾಯಿ ಲೇಪ ಕೆರೆದು ದೀಪಕ್ಕೆ ಹಿಡಿದೆ. ತವರದಷ್ಟೇ ಸೀಸವೂ ಇದೆ, ಹುಣಸೆಹುಳಿ ತಾಗಿ ಅದು ಸಾರಿಗೆ ಇಳಿಯುತ್ತದೆ.

ಅಕ್ಕನಿಗೆ ಈಗ ಏಳು ತಿಂಗಳು. ಹೊಟ್ಟೆ ನುಲಿಯುತ್ತದೆ, ಕೈ ನಡುಗುತ್ತದೆ. ಅವಳ ಹೆಸರಿನ ಶುದ್ಧ ಪಟ್ಟಿ ನೋಡಿ ಹೆರಿಗೆ ಮಾಡಿಸುವ ದಾಯಿ ನಕ್ಕು ಹೋದಳು. ಮೊನ್ನೆ ಅಕ್ಕ ತನ್ನ ಹಾಲಿನ ಲೋಟವನ್ನೂ ನನ್ನ ಮುಂದೆ ಸರಿಸಿ, ‘ಲೋ ಸೀಸದ ತಲೆ, ನನ್ನ ಪಾಲೂ ನೀನೇ ಕುಡಿ, ನನ್ನ ಮೂಳೆಗೇನೂ ಆಗಿಲ್ಲ’ ಅಂದಳು. ಕುಡಿದೆ ಅಜ್ಜಿ.

ನಾಳೆ ಕಲಾಯಿಯವನು ನಿಮ್ಮ ಬೀದಿಗೆ ಬರುತ್ತಾನೆ. ಸೀಸ ಬೆರೆಸಿದ ಅಗ್ಗದ್ದು ಬೇಡ ಅನ್ನಿ, ಬರೀ ತವರ ಹಾಕಲು ಹೇಳಿ. ನೀವು ಹಾಗೆ ಅಂದರೆ ಈ ಕಾಗದ ಬರೆಯುವ ಗತಿಯೇ ನನಗೆ ಬರುವುದಿಲ್ಲ. ಆದರೆ ಇಲ್ಲಿ ನಮ್ಮ ಅಡುಗೆಮನೆಯಿಂದ ಅಕ್ಕನ ಸಾರು ಕುದಿಯುವ ವಾಸನೆ ಬರುತ್ತಿದೆ. ನಿಮ್ಮ ಉತ್ತರಕ್ಕೆ ಕಾಯುವುದಿಲ್ಲ. ಒಂದು ಕೈಯಲ್ಲಿ ಹಾಲಿನ ಲೋಟ, ಇನ್ನೊಂದರಲ್ಲಿ ಅಕ್ಕನ ನಿಜವಾದ ಪಟ್ಟಿ ಹಿಡಿದು ಈಗಲೇ ಒಳಗೆ ಹೋಗುತ್ತೇನೆ. ಹಾಲು ಅಕ್ಕನಿಗೆ.

ನಿಮ್ಮ ಕೆಂಚ