ಅಮ್ಮ ಬರೆದುಕೊಟ್ಟ ಮೊತ್ತ

ಅಮ್ಮಾ, ಮೊದಲು ಖರ್ಚು ಹೇಳಿಬಿಡುತ್ತೇನೆ: ಈ ವರ್ಷ ಚರ್ಚಿಗೆ ಕೊಡುತ್ತೇನೆಂದು ನೀನು ಬರೆದುಕೊಟ್ಟು ಹೋದ ಕಾಣಿಕೆಯಲ್ಲಿ ಉಳಿದಿದ್ದ ಅರ್ಧ, ಜೊತೆಗೆ ನಾನು ಎಂದೂ ಮುಚ್ಚದ ಅಂಗಡಿಯನ್ನು ಮುಚ್ಚಿ ಕಳೆದುಕೊಂಡ ಒಂದು ಭಾನುವಾರದ ವ್ಯಾಪಾರ.

ಇವತ್ತು ಕಟ್ಟಲು ಹೋದೆ. ಖಜಾಂಚಿ ಅಜ್ಜ ಕನ್ನಡಕ ಏರಿಸಿ, "ತೀರಿಹೋದೋರ ಬಾಕಿ ನಾವು ಕೇಳಲ್ಲ ಕಣಪ್ಪಾ" ಅಂದರು.

"ನೀವು ಕೇಳಲ್ಲ, ನಮ್ಮಮ್ಮ ಬಿಡ್ತಾಳಾ?" ಅಂದೆ.

ನಕ್ಕು ಎಣಿಸಿಕೊಂಡರು. ಆಮೇಲೆ ಮುಂದಿನ ವರ್ಷದ ಕಾಣಿಕೆ ಬರೆದುಕೊಡುವ ಚೀಟಿಯನ್ನೂ ನನ್ನ ಮುಂದಿಟ್ಟರು. ಬಂದ ಗಿರಾಕಿಯನ್ನು ಬಿಡುವ ಮನುಷ್ಯನಲ್ಲ. "ದೇವರಿಗೂ ಕಂತೇನಮ್ಮಾ?" ಎಂದು ಹೊಲಿಗೆ ಯಂತ್ರದ ಮುಂದೆ ಕೂತ ನಿನ್ನನ್ನು ಛೇಡಿಸುತ್ತಿದ್ದ ನಾನು, ಚೌಕಾಸಿಯಿಲ್ಲದೆ ನಿನ್ನ ಮೊತ್ತವನ್ನೇ ಬರೆದು ಸಹಿ ಹಾಕಿದೆ.

"ಹೋಗು, ಅಮ್ಮನ ಜಾಗದಲ್ಲಿ ಕೂತ್ಕೋ" ಅಂದರು. ಕೂತೆ.

ಚರ್ಚಿಗೆ ನಿನ್ನ ದುಡ್ಡು ಪೂರ್ತಿ ಸಂದಿತು. ಅಜ್ಜನಿಗೆ ಹೊಸ ಗಿರಾಕಿ ಸಿಕ್ಕಿದ. ನನಗೆ ಕಿಟಕಿ ಪಕ್ಕದ ನಿನ್ನ ಜಾಗ ಸಿಕ್ಕಿತು, ನೀನು ಹೊಲಿದಿಟ್ಟ ದಿಂಬಿನ ಸಮೇತ.