ಹಲಗೆಯ ಮೇಲಿನ ಹಿಮ್ಮಡಿ

ಸೋಮವಾರ, ಊಟದ ಬಿಡುವು

ಅಕ್ಕಾ,

ಇವತ್ತು ಬೆಳಿಗ್ಗೆ ಮುಖ ತೊಳೆದು ನಲ್ಲಿ ನಿಲ್ಲಿಸಿದೆ. ನೀರಿನ ಸದ್ದು ನಿಲ್ಲಲಿಲ್ಲ. ಇನ್ನಷ್ಟು ಬಿಗಿಯಾಗಿ ತಿರುಗಿಸಿದೆ, ಅಡುಗೆಮನೆಯ ನಲ್ಲಿಯನ್ನೂ ಹೋಗಿ ನೋಡಿದೆ. ಆಮೇಲೆ ತಿಳಿಯಿತು, ಸದ್ದು ಇದ್ದದ್ದು ನನ್ನ ಕಿವಿಯೊಳಗೆ. ನಿನ್ನೆ ಹತ್ತಿ ಇಟ್ಟುಕೊಳ್ಳಲು ಮರೆತಿದ್ದೆ. ಕಚೇರಿಗೆ ಬಂದು ಎರಡು ಪುಟ ಕರಡು ತಿದ್ದುವಷ್ಟರಲ್ಲಿ ಅದು ಹೋಯಿತು. ನಿನ್ನದು ಹಗಲೂ ರಾತ್ರಿ ಹೋಗುವುದೇ ಇಲ್ಲ ಎಂದು ನೀನು ಹೇಳಿದ್ದು ಇಷ್ಟು ದಿನ ನನಗೆ ಬರೀ ಮಾತಾಗಿತ್ತು.

ಹೌದು, ನೀನು ಹೇಳಿದಂತೆ ನಿನ್ನ ಬ್ಯಾಂಡಿನ ಕಾರ್ಯಕ್ರಮಕ್ಕೆ ಹೋಗಿದ್ದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಎಲ್ಲದಕ್ಕೂ ಹೂಂ ಅನ್ನುತ್ತೀಯ. ಯಾವ ಹೂಂ ಕೇಳಿಸಿಕೊಂಡು ಅಂದದ್ದು, ಯಾವುದು ಸುಮ್ಮನೆ ಅಂದದ್ದು, ನನಗೆ ಗೊತ್ತಾಗುವುದಿಲ್ಲ. ಕಾಗದವಾದರೆ ಪೂರ್ತಿ ತಲುಪುತ್ತದೆ.

ಬೇಕರಿಯ ಮೇಲಿನ ಅದೇ ಕೋಣೆ. ಭಾನುವಾರ ಸಂಜೆ ನಾಲ್ಕಕ್ಕೇ ಶುರು, ಕತ್ತಲಾಗುವುದರೊಳಗೆ ಮುಗಿಸಬೇಕು ಎಂದು ಪಕ್ಕದ ಮನೆಯವರ ತಕರಾರಂತೆ. ಅರವತ್ತು ಜನ ಇದ್ದರೆ ಹೆಚ್ಚು. ಕೆಳಗಿನ ಒಲೆಯ ಕಾವು ನೆಲದಿಂದ ಏರಿ ಚಪ್ಪಲಿಯೊಳಗೆ ಬರುತ್ತಿತ್ತು. ನಾನು ಗೋಡೆಗೆ ಅಂಟಿಕೊಂಡು, ಯಾರಿಗೂ ಕಾಣದಂತೆ ನಿಂತಿದ್ದೆ. ನಿಮ್ಮ ಹಾಡುಗಾರ್ತಿ ಮೈಕಿನ ಮುಂದಿನಿಂದಲೇ ಕೂಗಿದಳು. “ಏನೇ ಇಲಿಮರಿ, ಬಿಲ ಬಿಟ್ಟು ಬಂದ್ಯಾ? ನಿಮ್ಮಕ್ಕ ಇನ್ನೂ ನನ್ನ ಮೇಲೆ ಕೆಂಡ ಕಾರ್ತಿದಾಳಾ?” ಎಲ್ಲರೂ ತಿರುಗಿ ನೋಡಿದರು. ನಾನು ನಕ್ಕೆ.

ನಿನ್ನ ಜಾಗದಲ್ಲಿ ಈಗ ಅಂಚೆ ಕಚೇರಿಯ ಹುಡುಗಿಯೊಬ್ಬಳು ಡ್ರಮ್ಸ್ ಬಾರಿಸುತ್ತಾಳೆ. ಹೇಳಿದರೆ ನಿನಗೆ ಉರಿಯುತ್ತದೆ, ಆದರೂ ಹೇಳುತ್ತೇನೆ, ಚೆನ್ನಾಗಿ ಬಾರಿಸುತ್ತಾಳೆ. ನಿನ್ನ ಹಾಗಲ್ಲ. ನೀನು ಯಾರ ಮೇಲೋ ಸೇಡು ತೀರಿಸಿಕೊಳ್ಳುವವಳಂತೆ ಬಾರಿಸುತ್ತಿದ್ದೆ. ಅವಳು ಒಗೆದ ಬಟ್ಟೆ ಮಡಿಸಿಡುವವಳಂತೆ, ಸಮಾಧಾನವಾಗಿ.

ಮೂರನೆಯ ಹಾಡಿನಲ್ಲಿ ಒಂದು ಸಂಗತಿ ನಡೆಯಿತು. ಮುಂದೆ ನಿಂತು ಬೇಸ್ ಗಿಟಾರ್ ನುಡಿಸುತ್ತಿದ್ದ ಉದ್ದಣ್ಣ ಮೆಲ್ಲಗೆ ಹಿಂದೆ ಸರಿದು, ಡ್ರಮ್ಸ್ ಇಟ್ಟಿರುವ ಹಲಗೆಯ ಮೇಲೆ ಬಲಗಾಲು ಇಟ್ಟ. ತಾಳಕ್ಕೆ ಸರಿಯಾಗಿ ಹಿಮ್ಮಡಿಯಿಂದ ಕುಟ್ಟತೊಡಗಿದ. ಹುಡುಗಿ ಅವನ ಕಾಲನ್ನು ನೋಡಿದಳು, ತಾಳ ತಪ್ಪಿದಳು, ಬಾರಿಸುವುದನ್ನೇ ನಿಲ್ಲಿಸಿದಳು. “ಅಣ್ಣಾ, ಯಾಕೆ ಒದೀತಿದೀರಾ? ನಂಗೆ ಚೆನ್ನಾಗೇ ಕೇಳ್ಸತ್ತೆ” ಎಂದಳು. ಮೈಕ್ ಹತ್ತಿರವೇ ಇತ್ತು, ಜನರೆಲ್ಲ ಗೊಳ್ಳೆಂದರು. ಉದ್ದಣ್ಣ ಮಾತ್ರ ಬೇರೆ ಯಾರದೋ ಕಾಲನ್ನು ನೋಡುವಂತೆ ತನ್ನ ಕಾಲನ್ನೇ ನೋಡುತ್ತ ನಿಂತಿದ್ದ. “ಅಭ್ಯಾಸ” ಎಂದ, ಅಷ್ಟೇ. ಹಾಡುಗಾರ್ತಿಯೂ ನಗಲಿಲ್ಲ. ಗೋಡೆಯ ಕಡೆ ತಿರುಗಿ ಬಹಳ ಹೊತ್ತು ನೀರು ಕುಡಿದಳು.

ಅಕ್ಕಾ, ಅವರಿಗೆ ಗೊತ್ತಿತ್ತು. ನೀನು ನಾಲ್ಕು ತಿಂಗಳ ಹಿಂದೆ ಜಗಳವಾಡಿ ಬ್ಯಾಂಡ್ ಬಿಟ್ಟು ಬರುವುದಕ್ಕೆ ಎಷ್ಟೋ ಮೊದಲೇ ಗೊತ್ತಿತ್ತು. ನಿನ್ನ ಕಿವಿಗೆ ಬೀಳದ ತಾಳ ಮರದಿಂದ ನಿನ್ನ ಪಾದಕ್ಕೆ ಬರಲಿ ಎಂದು ಅವನು ಪ್ರತಿ ಸಲವೂ ಅಲ್ಲಿ ಕಾಲಿಡುತ್ತಿದ್ದ. ಹಾಡು ಮುಗಿಯುವ ಮುಂಚೆ ಹಾಡುಗಾರ್ತಿ ಎಡಗೈ ಮೇಲೆತ್ತುತ್ತಿದ್ದಳಲ್ಲ, ಅವಳ ಠೀವಿ ನೋಡು ಎಂದು ನೀನು ಆಡಿಕೊಳ್ಳುತ್ತಿದ್ದೆಯಲ್ಲ, ಅದೂ ನಿನಗಾಗಿಯೇ. ನಿನ್ನೆಯೂ ಎತ್ತಿದಳು, ಆ ಸನ್ನೆ ಬೇಕಾದವರು ಯಾರೂ ಇರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅವಳೇ ಹತ್ತಿರ ಬಂದು ನೀನು ಬಾರಿಸಿದ ಆ ಕೊನೆಯ ದಿನದ ಮಾತು ತೆಗೆದಳು. “ಅವತ್ತು ನಂಗೆ ಭುಜ ಹಿಡ್ಕೊಂಡಿತ್ತು ಕಣೇ, ಕೈ ಎತ್ತಕ್ಕಾಗ್ಲಿಲ್ಲ. ಹಾಡು ಮುಗಿದ್ರೂ ನಿಮ್ಮಕ್ಕ ಒಬ್ಳೇ ಬಾರಿಸ್ತಾನೇ ಇದ್ಲು. ಜನ ನಗೋಕ್ಮುಂಚೆ ನಾನೇ ನಕ್ಕು ತಮಾಷೆ ಮಾಡ್ಬಿಟ್ಟೆ. ಅವಳು ಅದನ್ನೇ ಹಿಡ್ಕೊಂಡ್ಲು.” ನೀನು ಇಷ್ಟು ದಿನ ಮನಸ್ಸಿನಲ್ಲೇ ಬಯ್ಯುತ್ತಿರುವ ನಗು ಅದು.

ಆಮೇಲೆ ಮೆಟ್ಟಿಲ ಮೇಲೆ ನಾನೂ ಉದ್ದಣ್ಣನೂ ಸಾಮಾನು ಇಳಿಸುತ್ತಿದ್ದೆವು. ಅವನು ನನ್ನ ಮುಖ ನೋಡದೆ, “ಬರ್ತಾಳಾ?” ಎಂದು ಕೇಳಿದ.

ನೀನು ಹೇಳಿಕೊಟ್ಟ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಕ್ಕನ ಆಯಾಸ ಹೋಗಿದೆ, ಸಿಟ್ಟೂ ಇಳಿದಿದೆ, ಮುಂದಿನ ತಿಂಗಳಿಂದ ಬರುತ್ತಾಳೆ. ಕಿವಿಯ ವಿಷಯ ಒಂದಕ್ಷರ ಎತ್ತಿದರೆ ನೀನು ನನ್ನ ತಂಗಿಯೇ ಅಲ್ಲ ಎಂದೂ ಬರೆದಿದ್ದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ, “ಬರ್ಲಿ. ಮತ್ತೆ ಕಾಲಿಡ್ತೀನಿ, ನಂಗೇನು ಕಷ್ಟ? ಈ ಹುಡುಗೀಗೆ ನಾನು ಹೇಳ್ಕೋತೀನಿ” ಎಂದ. ಎಷ್ಟು ಸಲೀಸಾಗಿ ಅಂದ, ಗೊತ್ತಾ? ನೀನು ಒಂದು ಮಾತು ಅಂದರೆ ಸಾಕು, ಅವರು ನಿನ್ನನ್ನು ಎತ್ತಿಕೊಂಡೇ ಹೋಗುತ್ತಾರೆ. ಇನ್ನೊಂದು ವರ್ಷ ಡ್ರಮ್ಸ್ ಮುಂದೆ ಕೂತರೆ ಬಲಗಿವಿಯೂ ಉಳಿಯುವುದಿಲ್ಲ ಎಂದು ವೈದ್ಯರು ಹೇಳಿದಾಗ ನಿನ್ನ ಪಕ್ಕದಲ್ಲಿ ಇದ್ದವಳು ನಾನೊಬ್ಬಳೇ.

“ಇಲ್ಲ. ಅಕ್ಕ ಇನ್ನು ಬರಲ್ಲ” ಎಂದೆ.

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅಂಗಡಿಯಲ್ಲಿ ಚಿಲ್ಲರೆ ವಾಪಸು ಕೇಳಲೂ ಹೆದರುವವಳು ನಾನು. ಉದ್ದಣ್ಣ ತಲೆಯಾಡಿಸಿದ. ಚೀಲದ ದಾರವನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದ. ಆಮೇಲೆ, “ಅವಳೇ ಹೇಳಿದ್ಲಾ?” ಎಂದು ಕೇಳಿದ. ನಾನು ಹೂಂ ಅಂದೆ.

ನಿನ್ನ ಬದುಕಿನ ಬಗ್ಗೆ ನಿನ್ನನ್ನು ಕೇಳದೆ ಸುಳ್ಳು ಹೇಳಿ ಬಂದಿದ್ದೇನೆ. ಬಯ್ಯಿ, ಹೊಡಿ, ಮಾತು ಬಿಡು. ನೀನು ಇಲ್ಲದೆಯೂ ಆ ಕೋಣೆ ತುಂಬಿತ್ತು, ಜನ ಕುಣಿದರು, ಇನ್ನೊಂದು ಹಾಡು ಎಂದು ಕೂಗಿದರು. ನಿನ್ನ ಕೊರತೆ ಕಂಡದ್ದು ಅವರಿಬ್ಬರ ಮೈಯಲ್ಲಿ ಮಾತ್ರ, ಒಬ್ಬನ ಕಾಲಿನಲ್ಲಿ, ಒಬ್ಬಳ ಕೈಯಲ್ಲಿ. ಇದು ನಿನಗೆ ಸಮಾಧಾನವೋ ಸಂಕಟವೋ, ನನಗೆ ತಿಳಿಯದು. ನಾನಂತೂ ಮನೆಯವರೆಗೂ ಅಳುತ್ತಲೇ ನಡೆದೆ.

ನಿನ್ನವಳೇ ಆದ,
ಇಲಿಮರಿ

ಮತ್ತೆ: ಮೇಲೆ ಬರೆದದ್ದೆಲ್ಲ ನಿಜ, ಆದರೆ ಒಂದನ್ನು ಬಿಟ್ಟಿದ್ದೇನೆ. ಅವರಿಗೆ ಹೇಗೆ ಗೊತ್ತಾಯಿತು ಎಂದು ನೀನು ಇಷ್ಟು ಹೊತ್ತಿಗೆ ಯೋಚಿಸುತ್ತಿರುತ್ತೀಯ. ನಾನೇ ಹೇಳಿದೆ. ಯಾರಿಗೂ ಹೇಳುವುದಿಲ್ಲ ಎಂದು ನಿನಗೆ ಆಣೆ ಇಟ್ಟ ಎರಡೇ ವಾರಕ್ಕೆ ಉದ್ದಣ್ಣನ ಬಳಿ ಹೋಗಿ ಎಲ್ಲ ಹೇಳಿದೆ, ಅವನು ಹಾಡುಗಾರ್ತಿಗೆ ಹೇಳಿದ. ಹಲಗೆಯ ಮೇಲೆ ಕಾಲಿಡುವ ಉಪಾಯವೂ ನನ್ನದೇ. ಜನರ ಮುಂದೆ ನಿನಗೆ ನಾಚಿಕೆಯಾಗಬಾರದು, ಅಷ್ಟೇ ಅಂದುಕೊಂಡಿದ್ದೆ. ಆ ಉಪಾಯದಿಂದ ನೀನು ಒಂದೂವರೆ ವರ್ಷ ಬಾರಿಸಿದೆ, ಆ ಒಂದೂವರೆ ವರ್ಷದಲ್ಲೇ ಎಡಗಿವಿ ಪೂರ್ತಿ ಹೋಯಿತು. ನಿನ್ನನ್ನು ತಡೆಯಬಲ್ಲವಳು ಅಮ್ಮ ಒಬ್ಬಳೇ, ಅವಳಿಗೇ ಹೇಳಲಿಲ್ಲ.

ಬುಧವಾರ ಬೆಳಗಿನ ಬಸ್ಸಿಗೆ ಊರಿಗೆ ಬರುತ್ತಿದ್ದೇನೆ. ಅಮ್ಮನನ್ನು ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಹೇಳುತ್ತೇನೆ. ನೀನೂ ಅಲ್ಲೇ ಇರು, ನಾನು ನಿನ್ನ ಬಲಗಡೆಗೆ ಕೂರುತ್ತೇನೆ.